ನ್ಯೂಷು ಲಿಪಿಯ ವಿವಾಹಪುಸ್ತಕಗಳು

ಗ್ರಂಥವೆಂದರೆ ಬರೆದ ಮಾತುಗಳ ಸಮೂಹವೆಂದಷ್ಟೇ ತಿಳಿಯುವುದು ವಾಡಿಕೆ. ಆದರೆ ಪುಸ್ತಕದ ಹೊದಿಕೆ, ಹೊಲಿಗೆ, ಬರೆಯದೆ ಬಿಟ್ಟ ಹಾಳೆ ಇವೂ ಅರ್ಥವನ್ನು ವಹಿಸಬಲ್ಲುವು. ಚೀನಾದೇಶದ ಹುನಾನ್ ಪ್ರಾಂತದ ಜಿಯಾಂಗ್‌ಯೋಂಗ್ ಸೀಮೆಯ ಸ್ತ್ರೀಯರು ಕೈಯಿಂದ ರಚಿಸುತ್ತಿದ್ದ ವಿವಾಹಪುಸ್ತಕಗಳು ಇದಕ್ಕೆ ನಿದರ್ಶನವಾಗಿವೆ.

ಆ ಸೀಮೆಯಲ್ಲಿ ಹಿಂದೆ ಹೆಣ್ಣುಮಕ್ಕಳಿಗೆ ಚೀನೀ ಅಕ್ಷರಾಭ್ಯಾಸವು ದೊರೆಯುತ್ತಿದ್ದುದು ಅಪೂರ್ವ. ಅವರು ತಮ್ಮೊಳಗೆ ಬಳಸುತ್ತಿದ್ದ ಲಿಪಿಗೆ ನ್ಯೂಷು, ಎಂದರೆ ‘ಸ್ತ್ರೀಲಿಪಿ’, ಎಂದು ಹೆಸರು. ಇದರ ಅಕ್ಷರಗಳು ಬಹುಮಟ್ಟಿಗೆ ಚೀನೀ ಅಕ್ಷರಗಳಿಂದಲೇ ಹುಟ್ಟಿದುವು. ಆದರೆ ಇವು ಅರ್ಥವನ್ನಲ್ಲ, ಸ್ಥಳೀಯ ಆಡುಮಾತಿನ ಉಚ್ಚಾರವನ್ನು ಸೂಚಿಸುತ್ತವೆ.

ಕನ್ಯೆಯರು ಪರಸ್ಪರ ಮಾತುಕೊಟ್ಟು ಅಕ್ಕತಂಗಿಯರಾಗುವ ಪದ್ಧತಿಯು ಅಲ್ಲಿ ಇದ್ದಿತು. ಅವರಲ್ಲೊಬ್ಬಳು ಮದುವೆಯಾಗಿ ಹೋದರೆ ಉಳಿದವರೂ ತಾಯಿ ಮೊದಲಾದ ಬಂಧುಸ್ತ್ರೀಯರೂ ಬಟ್ಟೆಯ ಹೊದಿಕೆಯಿಟ್ಟು ಹೊಲಿದ ಪುಸ್ತಕವನ್ನು ಮೂರನೆಯ ದಿನ ಆಕೆಗೆ ಕಳುಹಿಸುತ್ತಿದ್ದರು. ಆದ್ದರಿಂದಲೇ ಅದಕ್ಕೆ ‘ಸಾನ್‌ಚಾವೊಷು’, ಎಂದರೆ ಮೂರನೆಯ ದಿನದ ಪುಸ್ತಕವೆಂಬ ಹೆಸರು ಬಂದಿತು. ಅದರಲ್ಲಿನ ಪದ್ಯಗಳ ಪಾದಗಳಿಗೆ ಸಾಮಾನ್ಯವಾಗಿ ಏಳೇಳು ಅಕ್ಷರಗಳು. ವಿಷಯವು ಹರಕೆ, ಅಗಲಿಕೆಯ ದುಃಖ, ಹೆಣ್ಣಾಗಿ ಹುಟ್ಟಿದುದಕ್ಕಾಗಿ ಬಿಟ್ಟುಹೋಗಬೇಕಾದ ವ್ಯಥೆ.

ಇದನ್ನು ಗಂಡಸರಿಂದ ಮರೆಮಾಡಿದ ರಹಸ್ಯಲಿಪಿಯೆಂದು ಕೆಲವರು ಹೇಳುವುದುಂಟು. ಅದು ಸರಿಯೆಂದು ತೋರುವುದಿಲ್ಲ. ಪುಸ್ತಕವನ್ನು ಗಂಡನ ಊರಿನ ಸ್ತ್ರೀಯರು ಹಾಡಿ ಓದುತ್ತಿದ್ದರು. ಭಾಷೆಯು ಊರವರೆಲ್ಲರ ಆಡುಮಾತಾದುದರಿಂದ ಕೇಳಿದ ಗಂಡಸರಿಗೂ ತಿಳಿಯುತ್ತಿತ್ತು. ಅವರು ಲಿಪಿಯನ್ನು ಕಲಿಯದಿದ್ದುದು ನಿಷೇಧದಿಂದಲ್ಲ, ಅನಾದರದಿಂದ. ಹೀಗೆ ಅಗಲಿಕೆಯ ದುಃಖವು ಅಗಲಿಕೆಗೆ ಕಾರಣವಾದ ಮನೆಯಲ್ಲಿಯೇ ಎಲ್ಲರ ಮುಂದೆ ವಾಚನವಾಗುತ್ತಿತ್ತೆಂಬುದು ಗಮನಾರ್ಹ.

ಮೊದಲಿನ ಕೆಲವು ಪುಟಗಳಲ್ಲಿ ಮಾತ್ರ ಬರಹವಿರುತ್ತಿತ್ತು. ಉಳಿದ ಹಾಳೆಗಳನ್ನು ವಧುವು ಮುಂದೆ ತಾನೇ ಬರೆದುಕೊಳ್ಳಲೆಂದು ಬರಿದಾಗಿ ಬಿಡುತ್ತಿದ್ದರು. ಅವುಗಳ ನಡುವೆ ಆಕೆಯು ಕಸೂತಿಯ ದಾರವನ್ನೂ ಕತ್ತರಿಸಿದ ಕಾಗದದ ಮಾದರಿಗಳನ್ನೂ ಇಡುತ್ತಿದ್ದಳು. ಒಡತಿಯು ಸತ್ತರೆ ಪುಸ್ತಕವನ್ನು ಆಕೆಯೊಡನೆ ಸುಡುವುದು ಅಥವಾ ಹೂಳುವುದು ರೂಢಿ. ಆದುದರಿಂದ ಹಳೆಯ ಪ್ರತಿಗಳು ವಿರಳ.

1980ರ ದಶಕದಲ್ಲಿ ಚೀನೀ ವಿದ್ವಾಂಸರು ಇವನ್ನು ಸಂಗ್ರಹಿಸಿ ಪರಿಶೋಧಿಸತೊಡಗಿದರು. ಪರಂಪರೆಯಿಂದ ಈ ಲಿಪಿಯನ್ನು ಕಲಿತವರಲ್ಲಿ ಕೊನೆಯವಳೆಂದು ಹೇಳಲಾಗುವ ಯಾಂಗ್ ಹುವಾನ್‌ಯಿ 2004ರಲ್ಲಿ ತೀರಿಕೊಂಡಳು. 2017ರಲ್ಲಿ ಯೂನಿಕೋಡ್ ಸಂಕೇತಾವಳಿಯಲ್ಲಿ ಲಿಪಿಗೆ ಸ್ಥಾನ ದೊರೆತು ಅಕ್ಷರಗಳ ರಕ್ಷಣೆಯಾಯಿತು. ಆದರೆ ಸಂಪಾದಕನು ಪದ್ಯಪಾಠವನ್ನು ಮಾತ್ರ ಇಳಿಸಿಕೊಂಡು ಹೊಲಿಗೆಯನ್ನೂ ದಾರವನ್ನೂ ಬರಿಯ ಹಾಳೆಗಳನ್ನೂ ವಿವರಿಸದಿದ್ದರೆ, ಗೆಳತಿಯರು ಬರೆದುದು ಉಳಿದು, ವಧುವಿಗೆಂದು ಬಿಟ್ಟುದು ಲುಪ್ತವಾಗುತ್ತದೆ.