ಹಳೇ ಸ್ಪೋರ್ಟ್ಸ್ ಕಾರಿಗೆ ಡಿಸ್ಕ್ ಬ್ರೇಕ್: ತುಸು ತಾಳಿ!

ಕಾಂದಿವಲಿ: ಆಕುರ್ಲಿ ರಸ್ತೆಯ ಮಹೀಂದ್ರ ಕಾರ್ಖಾನೆಯಿಂದಾಗಿ ಕಾಂದಿವಲಿಗೆ ವಾಹನಗಳ ನಂಟು ಹಳೆಯದು. ಇಲ್ಲಿಂದ ದಕ್ಷಿಣ ಮುಂಬಯಿಯ ವಿಂಟೇಜ್ ರ‍್ಯಾಲಿಗೆ ಹೊರಟ ಹಳೇ ಕಾರು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ದಟ್ಟಣೆಯನ್ನು ಎದುರಿಸಲೇಬೇಕು. ಮುಂದಿನ ಹೊಸ ಕಾರು ಗಕ್ಕನೆ ನಿಲ್ಲುತ್ತದೆ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಹಿಂದಿರುವ 1956ರ ಎಂಜಿಎ ಕಾರಿಗೋ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು.

ಡ್ರಮ್ಮಿನ ದೌರ್ಬಲ್ಯ ಬಿಸಿ. ಪದೇ ಪದೇ ಬ್ರೇಕ್ ಒತ್ತಿದಾಗ ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತ ತಗ್ಗುತ್ತದೆ, ಪೆಡಲು ಕೆಳಗಿಳಿಯುತ್ತದೆ. ಘಾಟಿ ಇಳಿಯುವಾಗ ಇದು ಜೀವದ ಪ್ರಶ್ನೆ. ಡಿಸ್ಕ್ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ. 1953ರಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಲೆ ಮಾನ್ಸ್ ರೇಸ್ ಗೆದ್ದಿತು. ಎಂಜಿ ಕಂಪೆನಿಯೂ 1959ರ ಎಂಜಿಎ 1600ಕ್ಕೆ ಮುಂದಿನ ಡಿಸ್ಕ್ ಕೊಟ್ಟಿತು.

ಹಾಗಾಗಿ 1600ರ ಭಾಗಗಳನ್ನೇ ಹಳೇ 1500ಕ್ಕೆ ಜೋಡಿಸುವುದು ಒಳ್ಳೆಯ ದಾರಿ. ಒಂದೇ ಮನೆತನದ ಸಾಮಾನು, ಕಾರಿನ ರೂಪ ಕೆಡದು. ಆದರೆ ಡಿಸ್ಕ್ ಸಿಕ್ಕಿಸಿದರೆ ಕೆಲಸ ಮುಗಿಯಲಿಲ್ಲ. ಡ್ರಮ್ಮಿಗೆಂದು ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಮಾಸ್ಟರ್ ಸಿಲಿಂಡರಿನಲ್ಲಿ ಹಾಗೇ ಇದ್ದರೆ, ಪೆಡಲ್ ಬಿಟ್ಟರೂ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಡ್ರಮ್ಮಿನ ಶೂ ತಿರುಗುವ ಚಕ್ರದಿಂದಲೇ ಬಲ ಪಡೆಯುತ್ತದೆ, ಡಿಸ್ಕಿಗೆ ಆ ಅನುಕೂಲ ಇಲ್ಲ; ಕಾಲಿನ ಒತ್ತು ಜಾಸ್ತಿ ಬೇಕು. ಹಿಂದಿನ ಡ್ರಮ್ಮುಗಳು ಮೊದಲೇ ಲಾಕ್ ಆಗದಂತೆ ಮುಂದು-ಹಿಂದಿನ ಸಮತೋಲನವನ್ನೂ ಪರೀಕ್ಷಿಸಬೇಕು.

ಎಷ್ಟೋ ಸಲ ದೋಷ ಡ್ರಮ್ಮಿನದ್ದೇ ಅಲ್ಲ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ವೀಲ್ ಸಿಲಿಂಡರಿನ ರಬ್ಬರು ಗಟ್ಟಿಯಾಗಿರುತ್ತದೆ, ಬ್ರೇಕ್ ಆಯಿಲು ನೀರು ಹೀರಿರುತ್ತದೆ. ಅವನ್ನು ಬದಲಿಸಿ, ಶೂಗಳನ್ನು ಸರಿಯಾಗಿ ಅಡ್ಜಸ್ಟ್ ಮಾಡಿಸಿದರೆ ರ‍್ಯಾಲಿಯ ಓಟಕ್ಕೆ ಅದೇ ಸಾಕಾದೀತು. ಡಿಸ್ಕಿನ ಖರ್ಚು ಆಮೇಲಿನ ಮಾತು.

ಕಾನೂನನ್ನೂ ನೋಡಬೇಕು. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ 50 ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವೇ ಬೇಕು. ಷಾಸಿ, ಬಾಡಿ, ಎಂಜಿನ್ ಮಾರ್ಪಡಿಸಿರಬಾರದು. ಈ ಮೂರರಲ್ಲಿ ಬ್ರೇಕಿನ ಹೆಸರಿಲ್ಲವಾದರೂ, ಕೆಲಸಕ್ಕೆ ಮುನ್ನ ಬೋರಿವಲಿಯ ಎಂಎಚ್-47 ಆರ್‌ಟಿಒದಲ್ಲಿ ವಿಚಾರಿಸುವುದು ಲೇಸು. ತೆಗೆದ ಡ್ರಮ್ಮುಗಳನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿ. ವಿಂಟೇಜ್ ನಂಬರಿನ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲು ತುಂಬಿಸಲು ಮಾತ್ರ ರಸ್ತೆಗಿಳಿಸಬಹುದು. ಊರಿನ ಪ್ರಯಾಣಕ್ಕೆ ಬೇರೆ ಕಾರೇ ಗತಿ.