ಈಸ್ಟ್ರೋಜೆನ್‌ ಸವೆಯುವ ದಾರಿ

1980ರ ದಶಕದಲ್ಲಿ ಸಿರಿಯನ್ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಗಳಿಗೆ, ಈಸ್ಟ್ರೋಜೆನ್ ಎಂಬ ಹಾರ್ಮೋನು ದೇಹದಲ್ಲಿ ಸವೆಯುವಾಗ ಹುಟ್ಟುವ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕೊಟ್ಟು ನೋಡಿದರು. 4-ಹೈಡ್ರಾಕ್ಸಿ ರೂಪ ಸೇರಿದ ಪ್ರಾಣಿಗಳ ಮೂತ್ರಪಿಂಡದಲ್ಲಿ ಗೆಡ್ಡೆ ಬೆಳೆಯಿತು. 2-ಹೈಡ್ರಾಕ್ಸಿ ರೂಪ ಸೇರಿದವಕ್ಕೆ ಬೆಳೆಯಲಿಲ್ಲ. ಆಮ್ಲಜನಕ, ಜಲಜನಕಗಳ ಒಂದು ಜೋಡಿ ಯಾವ ಇಂಗಾಲಕ್ಕೆ ಅಂಟಿದೆ ಎಂಬುದಷ್ಟೇ ಎರಡಕ್ಕೂ ಇದ್ದ ವ್ಯತ್ಯಾಸ.

ಅಂಟಿಸುವ ಕೆಲಸ ಕಿಣ್ವಗಳದು. ಸಿವೈಪಿ1ಎ1 ಮುಖ್ಯವಾಗಿ 2ನೇ ಸ್ಥಾನ ಹಿಡಿದರೆ, ಸ್ತನ ಮತ್ತು ಗರ್ಭಕೋಶದಲ್ಲೂ ಇರುವ ಸಿವೈಪಿ1ಬಿ1 ಹೆಚ್ಚಾಗಿ 4ನೆಯದನ್ನು ಹಿಡಿಯುತ್ತದೆ. ಹಾಗೆ ಹುಟ್ಟಿದ್ದನ್ನು ಸಿಒಎಂಟಿ ಎಂಬ ಇನ್ನೊಂದು ಕಿಣ್ವ ನಿರಪಾಯ ರೂಪಕ್ಕೆ ತಿರುಗಿಸುತ್ತದೆ. ಅದರ ಕೈಗೆ ಸಿಗದೆ ಉಳಿದದ್ದು ಕ್ವಿನೋನ್ ಆಗಿ ಡಿಎನ್‌ಎಗೆ ಅಂಟಿಕೊಳ್ಳಬಲ್ಲದು. ಆಗ ಡಿಎನ್‌ಎಯ ಒಂದು ಅಕ್ಷರವೇ ಕಳಚಿ ಬೀಳುತ್ತದೆ; ಆ ಜಾಗಕ್ಕೆ ತಪ್ಪು ಅಕ್ಷರ ಬಂದು ಕೂತರೆ ಅದೇ ರೂಪಾಂತರ. ಅಮೆರಿಕದ ನೆಬ್ರಾಸ್ಕದಲ್ಲಿ ಎರ್ಕೋಲೆ ಕವಲಿಯೆರಿ ಮತ್ತು ಎಲಿನರ್ ರೋಗನ್ ದಶಕಗಳ ಕಾಲ ಬೆನ್ನುಹತ್ತಿದ ವಿಚಾರವಿದು. ಜೀವಕೋಶಗಳು ಬೇಗ ಬೇಗ ಇಬ್ಭಾಗವಾಗುವಂತೆ ಈಸ್ಟ್ರೋಜೆನ್ ಉತ್ತೇಜಿಸಿ ಕ್ಯಾನ್ಸರಿಗೆ ದಾರಿಮಾಡುತ್ತದೆ ಎಂಬ ಹಳೆಯ ವಿವರಣೆ ಸುಳ್ಳಾಗಲಿಲ್ಲ, ಅದರ ಪಕ್ಕಕ್ಕೆ ಇನ್ನೊಂದು ಸೇರಿತು.

ಸಿಒಎಂಟಿ ಎಲ್ಲರಲ್ಲೂ ಒಂದೇ ಚುರುಕಿನದಲ್ಲ. ಅದರ 158ನೇ ಸ್ಥಾನದಲ್ಲಿ ವ್ಯಾಲಿನ್ ಎಂಬ ಅಮೈನೊ ಆಮ್ಲದ ಬದಲು ಮಿಥಿಯೊನಿನ್ ಇದ್ದರೆ ಅದರ ವೇಗ ಮೂರು-ನಾಲ್ಕು ಪಟ್ಟು ಕುಗ್ಗುತ್ತದೆ. ಹಾಗಾದರೆ ಅಂಥ ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಹೆಚ್ಚೇ? ಸಾವಿರಾರು ಜನರನ್ನು ಹೋಲಿಸಿದ ಅಧ್ಯಯನಗಳಲ್ಲಿ ಒಮ್ಮತದ ಉತ್ತರ ಸಿಕ್ಕಿಲ್ಲ. ಆದ್ದರಿಂದ ಈ ಒಂದು ಜೀನ್ ಪರೀಕ್ಷೆ ಮಾಡಿಸಿ ಹೆದರುವುದೂ, ‘ಈಸ್ಟ್ರೋಜೆನ್ ಶುದ್ಧಿ’ ಮಾತ್ರೆಗಳಿಗೆ ದುಡ್ಡು ಸುರಿಯುವುದೂ ಬೇಡ.

ಈಸ್ಟ್ರೋಜೆನ್ ತಯಾರಿಸುವ ಕಿಣ್ವದ ವಿಷಯದಲ್ಲಿ ಮಾತ್ರ ಇಷ್ಟು ಅನುಮಾನವಿಲ್ಲ. ಮುಟ್ಟು ನಿಂತ ಮೇಲೆ ಅಂಡಾಶಯ ವಿಶ್ರಾಂತಿಗೆ ಹೋದರೂ, ಕೊಬ್ಬಿನ ಅಂಗಾಂಶದಲ್ಲಿರುವ ಅರೊಮಟೇಸ್ ಎಂಬ ಕಿಣ್ವ ಆಂಡ್ರೊಜೆನ್‌ಗಳನ್ನು ಈಸ್ಟ್ರೋಜೆನ್ ಆಗಿ ಬದಲಿಸುತ್ತಲೇ ಇರುತ್ತದೆ. ಆ ವಯಸ್ಸಿನಲ್ಲಿ ಬೊಜ್ಜು ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವುದಕ್ಕೆ ಇದೂ ಒಂದು ಕಾರಣ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಏಂಜೆಲಾ ಬ್ರೋಡಿ ಈ ಕಿಣ್ವವನ್ನೇ ತಡೆಯುವ ಫಾರ್ಮೆಸ್ಟೇನ್ ಔಷಧವನ್ನು ರೂಪಿಸಿದರು. ಅದು ಲಂಡನ್ನಿನ ರೋಗಿಗಳ ಮೇಲೆ ಪ್ರಯೋಗವಾದದ್ದು 1980ರ ದಶಕದಲ್ಲಿ. ಇಂದು ನಮ್ಮ ಆಸ್ಪತ್ರೆಗಳಲ್ಲೂ ಬರೆದುಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ಅದೇ ದಾರಿಯಲ್ಲಿ ಬಂದವು. ಸಾಮಾನ್ಯವಾಗಿ ಐದು ವರ್ಷ, ದಿನಕ್ಕೊಂದು ಮಾತ್ರೆ. ಈಸ್ಟ್ರೋಜೆನ್ ಇಳಿದಾಗ ಮೂಳೆಯೂ ಸವೆಯುವುದರಿಂದ, ಇವನ್ನು ನುಂಗುವವರು ನಡುನಡುವೆ ಮೂಳೆಯ ಸಾಂದ್ರತೆಯನ್ನೂ ಪರೀಕ್ಷಿಸಿಕೊಳ್ಳಬೇಕು.