ನೆಗಡಿ ಮಾತ್ರೆ ಹಾಕಿದ ಬೀಗ

ಅರವತ್ತು ದಾಟಿದವರೊಬ್ಬರು ನೆಗಡಿಗೆಂದು ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಮಲಗುತ್ತಾರೆ. ಬೆಳಗಿನ ಜಾವ ಕಿಬ್ಬೊಟ್ಟೆ ಕಲ್ಲಿನಂತಾಗಿದೆ. ಎಷ್ಟು ತಿಣುಕಿದರೂ ಒಂದು ಹನಿ ಮೂತ್ರವಿಲ್ಲ. ಆಸ್ಪತ್ರೆಯಲ್ಲಿ ಕ್ಯಾತಿಟರ್ ಹಾಕಿದ ಮೇಲೆಯೇ ಜೀವ ಬಂದಂತಾಗುವುದು. ಮೂತ್ರರೋಗ ತಜ್ಞರಿಗೆ ಇದು ಹಳೆಯ ಕಥೆ. ಸೋರುವ ಮೂಗಿಗೆಂದು ನುಂಗಿದ್ದು ಕೆಳಗಿನ ದಾರಿಗೇಕೆ ಬೀಗ ಹಾಕಿತು?

ಮೂತ್ರಕೋಶ ಬರೀ ಚೀಲವಲ್ಲ. ಅದರ ಗೋಡೆ ನಮ್ಮ ಮಾತು ಕೇಳದ ನಯಸ್ನಾಯು. ಹೆಚ್ಚುಕಡಿಮೆ 400–500 ಮಿಲಿಲೀಟರ್ ಹಿಡಿಸುವ ಈ ಕೋಶ ತುಂಬುತ್ತ ಹೋದರೂ ಒಳಗಿನ ಒತ್ತಡ ಅಷ್ಟೇನೂ ಏರದು; ಗೋಡೆ ಸಡಿಲವಾಗುತ್ತ ಜಾಗ ಬಿಟ್ಟುಕೊಡುತ್ತದೆ. ಇದಕ್ಕೆ ನೆರವಾಗುವುದು ನರತುದಿಗಳಿಂದ ಬರುವ ರಾಸಾಯನಿಕ ನಾರ್‌ಅಡ್ರಿನಲಿನ್. ಗೋಡೆಯಲ್ಲಿ ಸಂದೇಶ ಹಿಡಿಯುವ ಬೀಟಾ-3 ಗ್ರಾಹಕಕ್ಕೆ ಅದು ತಗುಲಿದರೆ ಸ್ನಾಯು ಸಡಿಲ. ಮೂತ್ರಕೋಶದ ಕುತ್ತಿಗೆಯಲ್ಲಿ ಆಲ್ಫಾ-1 ಗ್ರಾಹಕಕ್ಕೆ ತಗುಲಿದರೆ ಬಿಗಿ. ಒಂದೇ ಕಾಗದ, ಓದುವ ಮನೆ ಬೇರೆಯಾದರೆ ಅರ್ಥವೂ ಬೇರೆ.

ಹೊರಹಾಕುವ ಹೊತ್ತು ಬಂದಾಗ ಪಾತ್ರಗಳು ಅದಲುಬದಲು. ನರಗಳದ್ದೇ ಇನ್ನೊಂದು ರಾಸಾಯನಿಕ ಅಸಿಟೈಲ್‌ಕೋಲಿನ್ ಗೋಡೆಯನ್ನು ಹಿಂಡುತ್ತದೆ. ಕೆಳಗಿನ ನಾಳವನ್ನು ಸಡಿಲಿಸುವುದು ಮಾತ್ರ ಒಂದು ಅನಿಲ, ನೈಟ್ರಿಕ್ ಆಕ್ಸೈಡ್. ಹೌದು, ವಾಹನಗಳ ಹೊಗೆಯಲ್ಲಿರುವ ಅದೇ ವಸ್ತು! ಜೀವಕೋಶದ ಪೊರೆಯನ್ನು ತಾನೇ ದಾಟಿ ಒಳಹೊಕ್ಕು, ಸೈಕ್ಲಿಕ್ ಜಿಎಂಪಿ ಎಂಬ ಸಂದೇಶವಾಹಕವನ್ನು ಹೆಚ್ಚಿಸಿ, ಸ್ನಾಯುವನ್ನು ಬಿಗಿಹಿಡಿದಿದ್ದ ಕ್ಯಾಲ್ಸಿಯಂ ಅನ್ನು ಇಳಿಸಿ, ಕೆಲವೇ ಕ್ಷಣಗಳಲ್ಲಿ ಇಲ್ಲವಾಗುತ್ತದೆ. ಇದರ ಸುಳಿವು ಮೊದಲು ಸಿಕ್ಕಿದ್ದು ರಕ್ತನಾಳದಲ್ಲಿ. ಮೊಲದ ಮಹಾಪಧಮನಿಯ ಒಳಪದರ ಉಜ್ಜಿಹೋದರೆ ಅಸಿಟೈಲ್‌ಕೋಲಿನ್ ಕೊಟ್ಟರೂ ಅದು ಸಡಿಲಗೊಳ್ಳುವುದಿಲ್ಲ ಎಂದು ರಾಬರ್ಟ್ ಫರ್ಚ್‌ಗಾಟ್ 1980ರಲ್ಲಿ ಪ್ರಕಟಿಸಿದರು. ಆ ಪದರ ಸೂಸುವುದು ನೈಟ್ರಿಕ್ ಆಕ್ಸೈಡನ್ನೇ ಎಂದು ಆಮೇಲೆ ತಿಳಿಯಿತು. 1998ರಲ್ಲಿ ಅವರಿಗೆ, ಲೂಯಿಸ್ ಇಗ್ನಾರೊ ಮತ್ತು ಫೆರಿಡ್ ಮುರಾದ್ ಅವರಿಗೆ ನೊಬೆಲ್ ಬಂತು.

ಈಗ ಆ ಮಾತ್ರೆಗೆ ಬರೋಣ. ಅದರಲ್ಲಿರುವ ಫಿನೈಲೆಫ್ರಿನ್ ಆಲ್ಫಾ-1 ಗ್ರಾಹಕವನ್ನು ಚುಚ್ಚಿ ಕುತ್ತಿಗೆ ಬಿಗಿಸುತ್ತದೆ. ಜೊತೆಗಿರುವ ಕ್ಲೋರ್‌ಫೆನಿರಮಿನ್ ಅಸಿಟೈಲ್‌ಕೋಲಿನ್‌ಗೆ ಅಡ್ಡಬಂದು ಗೋಡೆಯ ಬಲ ಕುಂದಿಸುತ್ತದೆ. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿ ಮೊದಲೇ ಕಿರಿದಾಗಿದ್ದರೆ ಕೇಳಬೇಕೆ?

ವೈದ್ಯರು ಬರೆಯುವ ಮದ್ದುಗಳೂ ಇದೇ ಸಂದೇಶಗಳ ಜಾಡು ಹಿಡಿದಿವೆ. ಪದೇಪದೇ ಅವಸರವಾಗುವವರಿಗೆ ಬೀಟಾ-3 ಮೂಲಕ ಗೋಡೆ ಸಡಿಲಿಸುವ ಮಿರಾಬೆಗ್ರಾನ್. ಪ್ರಾಸ್ಟೇಟ್ ತೊಂದರೆಯವರಿಗೆ ಆಲ್ಫಾ-1 ತಡೆಯುವ ಟ್ಯಾಮ್ಸುಲೋಸಿನ್. ಮೂತ್ರಪಿಂಡದಿಂದ ಜಾರಿ ಮೂತ್ರಕೋಶಕ್ಕೆ ಬರುವ ನಾಳದ ಕೆಳತುದಿಯಲ್ಲಿ ಸಿಕ್ಕಿಕೊಂಡ ಕಲ್ಲಿಗೂ ಕೆಲವೊಮ್ಮೆ ಇದನ್ನೇ ಕೊಡುವುದುಂಟು. ಆಲ್ಫಾ ಗ್ರಾಹಕಗಳು ರಕ್ತನಾಳಗಳಲ್ಲೂ ಇರುವುದರಿಂದ, ಅದನ್ನು ನುಂಗಿದವರು ರಾತ್ರಿ ಹಾಸಿಗೆಯಿಂದ ದಡಬಡಿಸಿ ಎದ್ದರೆ ತಲೆ ಸುತ್ತಿ ಬೀಳಬಹುದು.